ಸಾಫ್ಟ್‌ವೇರ್ ಹುಡುಗರೂ ಕೂಲಿಕಾರರೇ: 1946ರ ಕಾನೂನು ನಮ್ಮ ಮಕ್ಕಳಿಗೆ ಯಾಕಿರಲಿಲ್ಲ?

ಬರಹ ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿದ ಮೇಲೇ ಜಗಳಕ್ಕೆ ಬನ್ನಿ.

ಹೋದ ತಿಂಗಳು ತಿಪಟೂರಿನಲ್ಲಿ ನಮ್ಮೋರ ಸಭೆ ಇತ್ತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದಲೂ ಬಂದಿದ್ರು. ಐಟಿ ಕಂಪನಿಗಳಿಗೆ, ಸ್ಟಾರ್ಟಪ್‌ಗಳಿಗೆ ಸರ್ಕಾರ ಕೊಟ್ಟಿರೋ ಕಾರ್ಮಿಕ ಕಾನೂನಿನ ವಿನಾಯಿತಿಯನ್ನ ವಾಪಸ್ ತಗೋಬೇಕು ಅಂತ ಒಂದು ನಿರ್ಣಯ ಮಾಡೋಣ ಅಂದೆ. ಹಿರಿಯರೊಬ್ಬರು ನಕ್ಕರು. "ಅವ್ರಿಗೇನಪ್ಪ ಕಷ್ಟ? ಏಸಿ ರೂಮು, ತಿರುಗೋ ಕುರ್ಚಿ. ಇಲ್ಲಿ ಪೌರಕಾರ್ಮಿಕರ ಸಂಬಳದ ವಿಷಯ ಐತೆ, ಸ್ಮಶಾನದ ಜಾಗ ಐತೆ, ಒಳಮೀಸಲಾತಿ ಐತೆ. ಸಾಫ್ಟ್‌ವೇರ್‌ನೋರ ಗೋಳು ಆಮೇಲೆ ನೋಡಾಣ" ಅಂದ್ರು. ಅವರ ಮೇಲೆ ನನಗೆ ಗೌರವ ಇದೆ. ಮೈಕ್ ಹಿಡಿಯೋದು ಹೇಳಿಕೊಟ್ಟೋರೇ ಅವರು. ಆದ್ರೆ ಈ ವಿಷಯದಲ್ಲಿ ಅವರ ಮಾತು ನಾನು ಒಪ್ಪಲ್ಲ. ಯಾಕೆ ಅಂತ ಬರೀತೀನಿ.

ನಾನು ಐದು ವರ್ಷ ಬೆಂಗಳೂರಿನಲ್ಲಿ ಎರಡು ಸ್ಟಾರ್ಟಪ್‌ಗಳಲ್ಲಿ ಕೋಡ್ ಬರೆದವನು. ಒಂದು ಕೋರಮಂಗಲದಲ್ಲಿ, ಇನ್ನೊಂದು ಎಚ್‌ಎಸ್‌ಆರ್ ಲೇಔಟ್‌ನಲ್ಲಿ. ಕಂಪನಿ ಹೆಸರು ಬೇಡ, ಹೇಳಿದ್ರೆ ವಿಷಯ ಆ ಎರಡು ಕಂಪನಿಗಷ್ಟೇ ಸೀಮಿತ ಆಗ್ತದೆ. ಅಪ್ಪ ಬೇರೆಯೋರ ತೋಟದಲ್ಲಿ ಕಾಯಿ ಸುಲೀತಿದ್ರು. ಇವತ್ತು ನಮ್ಮ ಮೂರು ತಾಲ್ಲೂಕಿನ ಕೇರಿಗಳಿಂದ ಇಂಜಿನಿಯರಿಂಗ್, ಬಿಸಿಎ, ಡಿಪ್ಲೊಮಾ ಓದಿ ಬೆಂಗಳೂರು ಸೇರಿರೋ ಹುಡುಗ ಹುಡುಗೀರು ಎಷ್ಟು ಜನ ಅಂತ ನಿಮ್ಮ ನಿಮ್ಮ ಊರಲ್ಲೇ ಲೆಕ್ಕ ಹಾಕಿ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಲ್ಲಿ ಓದಿದ ಮಕ್ಕಳು. ಸರ್ಕಾರಿ ಕೆಲಸ ಕಾದೂ ಕಾದೂ ವಯಸ್ಸು ಮೀರ್ತಿದೆ ಅಂತ ಖಾಸಗಿಗೆ ಹೋದೋರು. ಇವರು ಚಳವಳಿಯಿಂದ ದೂರ ಹೋದೋರಲ್ಲ, ಚಳವಳಿ ಇವರ ಹತ್ರ ಹೋಗಿಲ್ಲ.

ಈಗ ಕಾನೂನಿನ ವಿಷಯ. ಇಂಡಸ್ಟ್ರಿಯಲ್ ಎಂಪ್ಲಾಯ್‌ಮೆಂಟ್ (ಸ್ಟ್ಯಾಂಡಿಂಗ್ ಆರ್ಡರ್ಸ್) ಆಕ್ಟ್ ಅಂತ 2025ರವರೆಗೆ ಒಂದಿತ್ತು. 1946ರ ಏಪ್ರಿಲ್‌ನಲ್ಲಿ ಬಂದದ್ದು. ಆಗ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದೋರು ಯಾರು? ಬಾಬಾಸಾಹೇಬರು. 1942ರಿಂದ 1946ರವರೆಗೆ ಕಾರ್ಮಿಕ ಖಾತೆ ಅವರ ಕೈಲಿತ್ತು. ಕಾರ್ಖಾನೆ ಕೆಲಸಗಾರರಿಗೆ ವಾರಕ್ಕೆ 48 ಗಂಟೆ ಅನ್ನೋ ಮಿತಿ ಬಂದದ್ದೂ ಅದೇ ಕಾಲದಲ್ಲಿ. ಏಪ್ರಿಲ್ 14ಕ್ಕೆ ನಾವು ಸಂವಿಧಾನ ಶಿಲ್ಪಿ ಅಂತ ಹಾರ ಹಾಕ್ತೀವಿ, ಕಾರ್ಮಿಕ ಮಂತ್ರಿ ಅಂಬೇಡ್ಕರ್ ಬಗ್ಗೆ ಮಾತಾಡೋದು ಕಮ್ಮಿ.

ಆ ಕಾನೂನು ಹೇಳ್ತಿದ್ದದ್ದು ಬಹಳ ಸರಳ. ಮಾಲೀಕ ತನ್ನ ನಿಯಮಗಳನ್ನ ಬರೆದಿಡಬೇಕು. ಯಾರು ಕಾಯಂ, ಯಾರು ಪ್ರೊಬೇಷನ್, ಕೆಲಸದ ಹೊತ್ತು ಎಷ್ಟು, ರಜೆ ಹೆಂಗೆ ಕೇಳಬೇಕು, ಯಾವುದು ತಪ್ಪು ನಡತೆ, ತಪ್ಪು ಮಾಡಿದ್ರೆ ವಿಚಾರಣೆ ಹೆಂಗೆ, ಕೆಲಸದಿಂದ ತೆಗೆಯೋದು ಹೆಂಗೆ, ಅನ್ಯಾಯ ಆದ್ರೆ ಯಾರ ಹತ್ರ ಹೋಗಬೇಕು. ಬರೆದದ್ದನ್ನ ಸರ್ಕಾರಿ ಅಧಿಕಾರಿ ನೋಡಿ ಮಂಜೂರು ಮಾಡಬೇಕು. ಮಂಜೂರು ಮಾಡೋ ಮೊದಲು ಕೆಲಸಗಾರರ ಆಕ್ಷೇಪಣೆ ಕೇಳಬೇಕು. ಆಮೇಲೆ ಇಂಗ್ಲಿಷ್‌ನಲ್ಲೂ, ಹೆಚ್ಚು ಜನ ಕೆಲಸಗಾರರಿಗೆ ತಿಳಿಯೋ ಭಾಷೆಯಲ್ಲೂ, ಒಳಗೆ ಬರೋ ಬಾಗಿಲ ಹತ್ರ ಬೋರ್ಡ್ ಹಾಕಿ ಅಂಟಿಸಬೇಕು. ವಿಚಾರಣೆಗಾಗಿ ಸಸ್ಪೆಂಡ್ ಮಾಡಿದ್ರೆ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು ಅನ್ನೋದನ್ನ ಮುಂದೆ ತಿದ್ದುಪಡಿಯಲ್ಲಿ ಸೇರಿಸಿದ್ರು.

ಈ ಕಾನೂನಿಂದ ಕರ್ನಾಟಕ ಸರ್ಕಾರ ಐಟಿ, ಐಟಿಇಎಸ್, ಸ್ಟಾರ್ಟಪ್ ಇತ್ಯಾದಿಗಳಿಗೆ ವಿನಾಯಿತಿ ಕೊಟ್ಟಿತ್ತು. 2014ರಲ್ಲಿ ಐದು ವರ್ಷಕ್ಕೆ. 2019ರಲ್ಲಿ ಮತ್ತೆ ಐದು ವರ್ಷಕ್ಕೆ. 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ. ಈ ಹತ್ತು ವರ್ಷದಲ್ಲಿ ಮೂರೂ ಪಕ್ಷದೋರು ವಿಧಾನಸೌಧದಲ್ಲಿ ಕೂತು ಎದ್ದಿದ್ದಾರೆ. ಈ ಒಂದು ವಿಷಯದಲ್ಲಿ ಅವರಲ್ಲಿ ಭೇದವೇ ಕಾಣಲ್ಲ.

ತೀರಾ ಸಣ್ಣ ಕಂಪನಿಗೆ ಈ ಕಾನೂನು ಮೊದಲೇ ತಾಗ್ತಿರಲಿಲ್ಲ, ಅದು ನಿಜ. ವಿನಾಯಿತಿಗೆ ಷರತ್ತುಗಳಿದ್ವು, ಅದೂ ನಿಜ. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ಮಾಲೀಕರ ಕಡೆಯೋರು, ಕೆಲಸಗಾರರ ಕಡೆಯೋರು ಸಮಸಮ ಇರೋ ಕುಂದುಕೊರತೆ ಸಮಿತಿ ಇರಬೇಕು. ಸಸ್ಪೆಂಡ್, ವಜಾ ಇಂಥದ್ದು ಮಾಡಿದ್ರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ನಾನು ಕೆಲಸ ಮಾಡಿದ ಎರಡೂ ಕಡೆ ಕುಂದುಕೊರತೆ ಸಮಿತಿ ಅನ್ನೋ ಪದವನ್ನೇ ಯಾರ ಬಾಯಲ್ಲೂ ಕೇಳಲಿಲ್ಲ. ಒಂದು ಕಡೆ ಎಚ್‌ಆರ್ ಮೇಡಮ್ಮನ್ನ ಕೇಳಿದೆ. "ನಮ್ದು ಓಪನ್ ಡೋರ್ ಕಲ್ಚರ್, ನೇರ ಫೌಂಡರ್ ಹತ್ರಾನೇ ಮಾತಾಡಬಹುದು" ಅಂದ್ರು. ಫೌಂಡರ್ ಮೇಲೇ ದೂರಿದ್ರೆ ಆ ಬಾಗಿಲಲ್ಲಿ ಹೋಗಿ ಏನು ಹೇಳೋದು?

ಬರೆದಿಟ್ಟ ನಿಯಮ ಯಾಕೆ ಬೇಕು ಅಂತ ನಮ್ಮ ಕಡೆಯೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಸಾವಿರ ಕಾಯಿಗೆ ಇಷ್ಟು ಅಂತ ಸುಲೀತಿದ್ರು. ಎಷ್ಟು ಸಾವಿರ ಆಯ್ತು ಅನ್ನೋ ಲೆಕ್ಕ ತೋಟದೋರ ಬಾಯಲ್ಲಿ. ಮುಂಗಡ ಎಷ್ಟು ತೀರಿತು ಅನ್ನೋದೂ ಅವರ ಬಾಯಲ್ಲೇ. ಹಬ್ಬಕ್ಕೆ ಕೊಟ್ಟ ನಾಲ್ಕು ಕಾಯಿ ಕೂಲಿಯೋ ದಾನವೋ ಯಾರಿಗೂ ಗೊತ್ತಿರಲಿಲ್ಲ. ಕೇಳಿದ್ರೆ ಒಂದೇ ಮಾತು: "ನೀನು ನಮ್ಮ ಮನೆಯೋನಿದ್ದಂಗಲ್ಲವೇನೋ." ಮನೆಯೋನು, ಆದ್ರೆ ನೀರು ಕುಡಿಯೋಕೆ ಕರಟ ಬೇರೆ. ಬೆಂಗಳೂರಿನ ಮೊದಲ ಕಂಪನಿಯಲ್ಲಿ ಮೊದಲ ದಿನ "ಇದು ಕಂಪನಿ ಅಲ್ಲ, ಫ್ಯಾಮಿಲಿ" ಅಂದಾಗ ನನಗೆ ಮೈ ಜುಮ್ಮೆಂದಿತ್ತು, ಸಂತೋಷಕ್ಕಲ್ಲ.

ಬಾಯಿಮಾತಿನ ಲೆಕ್ಕದಲ್ಲಿ ಯಾವಾಗಲೂ ಗೆಲ್ಲೋನು ಬಾಯಿ ಇರೋನು. ನಿಯಮ ಇಲ್ಲದ ಜಾಗದಲ್ಲಿ ಸ್ವಾತಂತ್ರ್ಯ ಇರ್ತದೆ ಅಂತ ಸ್ಟಾರ್ಟಪ್‌ನೋರು ಹೇಳ್ತಾರೆ. ಯಾರ ಸ್ವಾತಂತ್ರ್ಯ ಅಂತ ಕೇಳಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಬೆಳೆಗಾರರು ರಸ್ತೆಗಿಳಿದ್ರು. ತೋಟ ಇಲ್ಲದ ನಾವೂ ಅವರ ಜೊತೆ ನಿಂತ್ವಿ. ಬೆಂಬಲ ಬೆಲೆ ಅಂದ್ರೆ ಇನ್ನೇನು? ಇದಕ್ಕಿಂತ ಕೆಳಗೆ ಹೋಗಬೇಡ ಅಂತ ಬರೆದಿಟ್ಟ ಒಂದು ಗೆರೆ. ಕೊಬ್ಬರಿಗೆ ಬೇಕಾದ ಗೆರೆ ಕೂಲಿಗೂ ಬೇಕು.

ಇನ್ನು ಜಾತಿ. "ಸಾಫ್ಟ್‌ವೇರ್‌ನಲ್ಲಿ ಜಾತಿ ಎಲ್ಲಿದೆ, ಕೋಡ್ ಓಡಿದ್ರೆ ಆಯ್ತು" ಅನ್ನೋರಿಗೆ ನಮ್ಮ ಕಡೆಯ ಒಂದು ಅನುಭವ ಹೇಳ್ತೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ಹೋದೋರಿಗೆಲ್ಲ ಇದು ಆಗಿರ್ತದೆ. ಹಳೇ ಮೈಸೂರು ಕಡೆ ನಮಗೆ ಅಡ್ಡಹೆಸರಿಲ್ಲ. ಊರಿನದ್ದೊಂದು, ಅಪ್ಪನದ್ದೊಂದು ಇನಿಶಿಯಲ್, ಆಮೇಲೆ ಹೆಸರು. ಹೆಸರು ನೋಡಿದ್ರೆ ಜಾತಿ ಗೊತ್ತಾಗಲ್ಲ. ಹಾಗಾಗಿ ಊರು ಕೇಳ್ತಾರೆ. ತಿಪಟೂರು ಅಂದ ತಕ್ಷಣ ಮುಖ ಅರಳ್ತದೆ. "ಓ, ಕೊಬ್ಬರಿ! ನಿಮ್ದು ಎಷ್ಟು ಎಕರೆ ತೋಟ?"

ಕೇಳೋನು ಕೆಟ್ಟೋನಲ್ಲ. ಕಾಫಿ ಮೆಷಿನ್ ಹತ್ರ ನಿಂತು ಸುಮ್ಮನೆ ಮಾತಿಗೆ ಕೇಳಿದ್ದು. ಆದ್ರೆ ಆ ಪ್ರಶ್ನೆಗೆ ಉತ್ತರ ಹೇಳಿದ್ರೆ ಎಲ್ಲಾ ಹೇಳಿದಂಗೆ. ತೋಟ ಇದೆ ಅಂದ್ರೆ ನೀನು ಯಾರು ಅಂತ ಎರಡು ಮೂರು ಊಹೆ, ಎಲ್ಲವೂ ಗೌರವದ ಊಹೆ. ತೋಟ ಇಲ್ಲ ಅಂದ್ರೆ ಅರ್ಧ ಕ್ಷಣ ಸುಮ್ಮನಾಗ್ತಾನೆ. ತೆಂಗಿನ ಸೀಮೆಯೋನಿಗೆ ತೆಂಗಿನ ಮರ ಇಲ್ಲ ಅಂದ್ರೆ? ಆ ಅರ್ಧ ಕ್ಷಣದಲ್ಲಿ ಲೆಕ್ಕ ಮುಗಿದಿರ್ತದೆ. ಎರಡನೇ ಪ್ರಶ್ನೆ ಬರ್ತದೆ: "ಹಂಗಾದ್ರೆ ಅಪ್ಪ ಏನ್ ಮಾಡ್ತಾರೆ?" ಮಧ್ಯಾಹ್ನ ಊಟಕ್ಕೆ ಏನು ತಿಂತೀಯ, ಮನೆದೇವರು ಯಾವುದು, ಸಿಇಟಿ ರ‍್ಯಾಂಕ್ ಎಷ್ಟಿತ್ತು. ಯಾರೂ ಜಾತಿ ಕೇಳಲ್ಲ. ಕೇಳದೇ ತಿಳಿಯೋ ವಿದ್ಯೆ ಅದು, ಕಲಿಯೋಕೆ ಕಾಲೇಜು ಬೇಕಿಲ್ಲ.

ನನ್ನ ಜೊತೆ ಇದ್ದ ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿಯೊಬ್ಬಳು "ನಾಲ್ಕೆಕರೆ" ಅಂತ ಹೇಳಿಬಿಟ್ಟಿದ್ಲು. ಸುಳ್ಳು ಹೇಳಿದ ಮೇಲೆ ಅದನ್ನ ಸಾಕಬೇಕಲ್ಲ. ಊರಿಂದ ಬಂದಾಗಲೆಲ್ಲ ಟೀಮಿಗೆ ಕಾಯಿ, ಕೊಬ್ಬರಿ ತರಬೇಕು. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡುಕೊಂಡು ಹೋಗ್ತಿದ್ಲು. "ಅಣ್ಣಾ, ಮರ ಇಲ್ಲದಿದ್ರೂ ವರ್ಷಕ್ಕೆ ಮೂರು ಕೊಯ್ಲು ನನ್ನದು" ಅಂತ ನಗ್ತಿದ್ಲು. ಆ ನಗು ನನಗೆ ಇವತ್ತಿಗೂ ತಡಕೊಳ್ಳೋಕಾಗಲ್ಲ.

ಆಧಾರ ಕೇಳೋರಿಗೆ ಆಧಾರ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದೇ ಥರದ ಅರ್ಜಿಗಳನ್ನ ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳಿಸಿದ್ರು. 2007ರಲ್ಲಿ ಪ್ರಕಟ ಆಯ್ತು. ಮೇಲ್ಜಾತಿ ಹೆಸರಿಗೆ ಹೋಲಿಸಿದ್ರೆ ದಲಿತ ಹೆಸರಿಗೆ ಕರೆ ಬರೋ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ, ಮೂರರಲ್ಲಿ ಒಂದು. ಇದನ್ನ ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಆದ್ರೆ ಇನ್ನೊಂದು ಅಧ್ಯಯನ ಇದೆ, ಅದನ್ನೂ ಹೇಳಬೇಕು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದೆಹಲಿ ಸುತ್ತ ಮಾಡಿದ್ದು, 2009ರಲ್ಲಿ ಬಂತು. ಸಾಫ್ಟ್‌ವೇರ್ ಕೆಲಸದ ಅರ್ಜಿಗಳಲ್ಲಿ ಜಾತಿಯಿಂದ ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅವರು ಬರೆದ್ರು. ಕಾಲ್ ಸೆಂಟರ್ ಕೆಲಸದಲ್ಲಿ ಕಂಡಿತು.

ಇದು ನಮ್ಮ ವಾದಕ್ಕೆ ವಿರುದ್ಧ ಅಂತ ಕೆಲವರು ಮುಚ್ಚಿಡ್ತಾರೆ. ನನಗೆ ಹಾಗನಿಸಲ್ಲ. ನನ್ನ ಅನುಭವವೂ ಅದೇ. ರೆಸ್ಯೂಮೆ ನೋಡಿ ಕರೆಯೋವಾಗ ಕೋಡ್ ಬರುತ್ತಾ ಅಂತಾನೇ ನೋಡ್ತಾರೆ. ಹೊರಬಾಗಿಲು ತೆರೆದಿರ್ತದೆ. ಬಾಗಿಲು ದಾಟಿದ ಮೇಲೆ ಪಡಸಾಲೆ ಇದೆ, ನಡುಮನೆ ಇದೆ, ಅಡುಗೆಮನೆ ಇದೆ. ಎಲ್ಲಿವರೆಗೆ ಬರಬಹುದು ಅನ್ನೋದು ಆಮೇಲಿನ ಮಾತು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅದೇ 2007ರಲ್ಲಿ ಕಂಪನಿಗಳ ಎಚ್‌ಆರ್ ಮುಖ್ಯಸ್ಥರನ್ನ ಮಾತಾಡಿಸಿ ಬರೆದದ್ದು ಓದಿ. ಮೆರಿಟ್ ಬಿಟ್ಟು ಬೇರೆ ನೋಡಲ್ಲ ಅಂತಾರೆ, ಅದೇ ಉಸಿರಲ್ಲಿ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಬಹಳ ಮುಖ್ಯ ಅಂತಾರೆ. ಸ್ಟಾರ್ಟಪ್‌ನಲ್ಲಿ ಅದಕ್ಕೆ "ಕಲ್ಚರ್ ಫಿಟ್" ಅಂತ ಹೊಸ ಹೆಸರು. ಟೆಕ್ನಿಕಲ್ ರೌಂಡ್ ಮೂರು ಗೆದ್ದ ತುರುವೇಕೆರೆ ಹುಡುಗನನ್ನ ಕೊನೇ ರೌಂಡಲ್ಲಿ ವೀಕೆಂಡ್‌ನಲ್ಲಿ ಏನು ಮಾಡ್ತೀಯ, ಕೊನೇ ಸಲ ಎಲ್ಲಿಗೆ ಟ್ರಿಪ್ ಹೋಗಿದ್ದೆ ಅಂತ ಕೇಳಿದ್ರು. ಊರಿಗೆ ಹೋಗ್ತೀನಿ ಸಾರ್, ಅವ್ವ ಒಬ್ಬರೇ ಅವ್ರೆ ಅಂದ. ಫಿಟ್ ಆಗಲಿಲ್ಲ ಅಂತ ಮೇಲ್ ಬಂತು. ಅದು ಜಾತಿಯಿಂದಲೇ ಅಂತ ಅವನು ಸಾಬೀತು ಮಾಡೋಕಾಗಲ್ಲ, ನಾನೂ ಮಾಡೋಕಾಗಲ್ಲ. ಯಾವ ಕಾರಣಕ್ಕೆ ತೆಗೆದ್ರಿ ಅಂತ ಬರೆದು ಕೊಡಬೇಕಾದ ನಿಯಮ ಇಲ್ಲವಲ್ಲ.

ರೆಫರಲ್ ವಿಷಯವೂ ಹೀಗೇ. ಸ್ಟಾರ್ಟಪ್‌ಗಳಲ್ಲಿ ಬಹಳಷ್ಟು ಕೆಲಸ ಪೇಪರಿಗೆ ಬರೋದೇ ಇಲ್ಲ. ಒಳಗಿರೋರು ತಮ್ಮ ಕಾಲೇಜಿನೋರನ್ನ, ರೂಮ್‌ಮೇಟನ್ನ, ಭಾವಮೈದನನ್ನ ಹೇಳ್ತಾರೆ. ಸೇರಿಸಿದೋರಿಗೆ ಬೋನಸ್ ಕೂಡ ಸಿಗ್ತದೆ. ಇದು ಕಳ್ಳತನ ಅಲ್ಲ, ಎಲ್ಲರಿಗೂ ಗೊತ್ತಿರೋ ಪದ್ಧತಿ. ಆದ್ರೆ ಮೊದಲ ಹತ್ತು ಜನ ಯಾರೋ ಮುಂದಿನ ನೂರು ಜನ ಅವರ ಕಡೆಯೋರೇ ಆಗ್ತಾರೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಟ್ಟಿದ ಮೊದಲ ತಲೆ ನಾನೇ. ನನ್ನನ್ನ ರೆಫರ್ ಮಾಡೋಕೆ ಯಾವ ಭಾವಮೈದ ಇದ್ದ?

ಅಮೆರಿಕದ ಸಿಸ್ಕೊ ಪ್ರಕರಣ ನಿಮಗೆ ನೆನಪಿರಬಹುದು. 2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೇ ಕಂಪನಿ ಮೇಲೆ ದಾವೆ ಹಾಕಿತು. ಮೀಸಲಾತಿಯಲ್ಲಿ ಐಐಟಿಗೆ ಬಂದೋನು ಅಂತ ದಲಿತ ಇಂಜಿನಿಯರ್ ಒಬ್ಬರ ಜಾತಿಯನ್ನ ಸಹೋದ್ಯೋಗಿಗಳ ಮುಂದೆ ಬಯಲು ಮಾಡಿದ್ರು ಅನ್ನೋದು ಆರೋಪ. ಇಬ್ಬರು ಮ್ಯಾನೇಜರ್‌ಗಳ ಮೇಲಿನ ಕೇಸನ್ನ 2023ರಲ್ಲಿ ಇಲಾಖೆ ಕೈಬಿಟ್ಟಿತು. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು, ಕ್ಯಾಲಿಫೋರ್ನಿಯಾದ ಮಸೂದೆಯನ್ನ ಅಲ್ಲಿನ ಗವರ್ನರ್ ತಿರಸ್ಕರಿಸಿದ್ರು. ಗೆದ್ವೋ ಸೋತ್ವೋ ಬೇರೆ ಮಾತು. ಅಲ್ಲಿ ಹೋಗಿ ದೂರು ಕೊಡೋಕೆ ಒಂದು ಇಲಾಖೆ ಇತ್ತು. ಬೆಂಗಳೂರಿನ ಬೆಳ್ಳಂದೂರಿನಲ್ಲಿ ಅದೇ ಆದ್ರೆ ಎಲ್ಲಿಗೆ ಹೋಗಬೇಕು? ದೌರ್ಜನ್ಯ ತಡೆ ಕಾಯ್ದೆ ಇದೆ, ಪೊಲೀಸ್ ಠಾಣೆ ಇದೆ. ಆದ್ರೆ ನಿಂದನೆ ಸಾರ್ವಜನಿಕರ ಕಣ್ಣೆದುರು ಆಗಿರಬೇಕು ಅಂತ ಆ ಕಾಯ್ದೆಯಲ್ಲಿದೆ. ನಾಲ್ಕು ಗೋಡೆಯ ಮೀಟಿಂಗ್ ರೂಮಲ್ಲಿ ಆದದ್ದಕ್ಕೆ ಸಾಕ್ಷಿ ಯಾರು ಹೇಳ್ತಾರೆ? "ಕಲ್ಚರ್ ಫಿಟ್ ಇಲ್ಲ" ಅನ್ನೋದು ಯಾವ ಸೆಕ್ಷನ್‌ಗೆ ಸಿಗ್ತದೆ? ಹತ್ತು ಜನ ಇರೋ ಕಡೆ ಲೈಂಗಿಕ ಕಿರುಕುಳದ ದೂರಿಗೆ ಸಮಿತಿ ಇರಲೇಬೇಕು ಅಂತ 2013ರ ಕಾನೂನು ಹೇಳ್ತದೆ. ವಿಶ್ವವಿದ್ಯಾಲಯಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು ಅಂತ ಯುಜಿಸಿ 2012ರಲ್ಲೇ ಹೇಳಿದೆ. 2025ರಲ್ಲಿ ನಮ್ಮ ರಾಜ್ಯದಲ್ಲಿ ರೋಹಿತ್ ವೇಮುಲ ಹೆಸರಿನ ಕಾಯ್ದೆ ಬಗ್ಗೆ ಚರ್ಚೆ ಆಯ್ತು, ಅದೂ ಕಾಲೇಜು ಕ್ಯಾಂಪಸ್‌ಗೆ. ಕ್ಯಾಂಪಸ್ ದಾಟಿ ಕೆಲಸಕ್ಕೆ ಸೇರಿದ ಮರುದಿನ ಆ ಹುಡುಗನ ಜಾತಿ ಕಳಚಿ ಬೀಳ್ತದಾ?

ಹೊತ್ತಿನ ವಿಷಯ. ಬಹಳ ಸ್ಟಾರ್ಟಪ್‌ಗಳಲ್ಲಿ "ಆನ್‌ಕಾಲ್" ಅಂತ ಸರದಿ ಇರ್ತದೆ. ಆ ವಾರ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ರೂ ಫೋನ್ ಬಡ್ಕೊಳ್ತದೆ, ಎದ್ದು ಸರಿ ಮಾಡಬೇಕು. ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಸ್ಟ್ಯಾಂಡಪ್ ಮೀಟಿಂಗ್. ರಾತ್ರಿಯ ಕೆಲಸಕ್ಕೆ ದುಡ್ಡೂ ಇಲ್ಲ, ರಜೆಯೂ ಇಲ್ಲ. ಎರಡನೇ ಕಂಪನಿಯಲ್ಲಿ "ಅನ್‌ಲಿಮಿಟೆಡ್ ಲೀವ್" ಇತ್ತು. ಕೇಳೋಕೆ ಎಷ್ಟು ಚೆಂದ. ಲೆಕ್ಕ ಇಲ್ಲದ ರಜೆ ಅಂದ್ರೆ ಇಷ್ಟು ನನ್ನ ಹಕ್ಕು ಅಂತ ಕೇಳೋಕೆ ಅಂಕಿಯೇ ಇಲ್ಲ. ಅಪ್ಪ ತೀರಿಕೊಂಡಾಗ ತಿಥಿ ದಿನ ಒಂದು ರಿಲೀಸ್ ಇತ್ತು. ನಮ್ಮ ಕೇರಿಯಲ್ಲಿ ನೆಟ್‌ವರ್ಕ್ ಸಿಗಲ್ಲ. ಎಡೆ ಇಟ್ಟು, ನೆಂಟರು ಊಟಕ್ಕೆ ಕೂತಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಕೆ.ಬಿ. ಕ್ರಾಸ್‌ಗೆ ಬಂದು ಬಸ್‌ಸ್ಟ್ಯಾಂಡ್ ಕಲ್ಲುಬೆಂಚಿನ ಮೇಲೆ ಕೂತು ಮುಗಿಸಿದೆ. ಯಾರೂ ಬಲವಂತ ಮಾಡಿರಲಿಲ್ಲ. "ನಿನಗೆ ಆಗುತ್ತೆ ಅಂದ್ರೆ ಮಾತ್ರ" ಅಂತ ಮೆಸೇಜ್ ಇತ್ತು. ಆಗಲ್ಲ ಅಂದೋರು ಮುಂದಿನ ಪರ್ಫಾರ್ಮೆನ್ಸ್ ರಿವ್ಯೂನಲ್ಲಿ ಏನಾದ್ರು ಅನ್ನೋದನ್ನ ನೋಡಿದ್ದೆ.

2024ರ ಜುಲೈನಲ್ಲಿ ಐಟಿಯಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸೋ ಪ್ರಸ್ತಾಪ ಬಂತು. 2017ರಲ್ಲಿ ಶುರುವಾದ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿತು, ಪ್ರಸ್ತಾಪ ತಣ್ಣಗಾಯ್ತು. 2025ರ ಜೂನ್‌ನಲ್ಲಿ ಮತ್ತೆ ಬೇರೆ ರೂಪದಲ್ಲಿ ಬಂತು: ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12, ಮೂರು ತಿಂಗಳಿಗೆ 50 ಗಂಟೆ ಇದ್ದ ಓವರ್‌ಟೈಮ್ ಮಿತಿ 144ಕ್ಕೆ. ಇದಕ್ಕೂ ಮೊದಲೇ, 2023ರಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂತ ನಾರಾಯಣಮೂರ್ತಿಯವರು ಹೇಳಿದ್ದು ನೆನಪಿರಬೇಕಲ್ಲ. ಬಾಬಾಸಾಹೇಬರ ಕಾಲದ 48 ಎಲ್ಲಿ, ಈ 70 ಎಲ್ಲಿ. ಎಂಬತ್ತು ವರ್ಷದಲ್ಲಿ ನಾವು ಮುಂದೆ ಬಂದ್ವಾ?

ಈಸಾಪ್ ಬಗ್ಗೆ ಸ್ವಲ್ಪ. ಸಂಬಳ ಕಮ್ಮಿ ಕೊಟ್ಟು, ಬದಲಿಗೆ ಕಂಪನಿಯ ಷೇರಿನ ಹಕ್ಕು ಕೊಡ್ತೀವಿ ಅಂತಾರೆ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರ್ತಾರೆ, ಮೊದಲ ವರ್ಷ ತುಂಬೋವರೆಗೆ ಸೊನ್ನೆ. ನಮ್ಮ ಕಡೆಯೋರಿಗೆ ಇದು ಬೇಗ ಅರ್ಥ ಆಗ್ತದೆ. ಉಂಡೆ ಕೊಬ್ಬರಿ ಮಾಡೋಕೆ ಕಾಯಿಯನ್ನ ಅಟ್ಟದ ಮೇಲೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಕಾಯ್ತಾರೆ. ಅಲ್ಲಾಡಿಸಿದಾಗ ಒಳಗೆ ಗುಡುಗುಡು ಅಂದ್ರೆ ಒಣಗಿದೆ ಅಂತ. ಒಡೆಯೋವರೆಗೂ ಒಳ್ಳೇದೋ ಕೊಳೆತದ್ದೋ ಪೂರ್ತಿ ಗೊತ್ತಾಗಲ್ಲ. ಕಾಯೋಕೆ ಅಟ್ಟ ಇರಬೇಕು, ಅಷ್ಟು ದಿನ ಉಣ್ಣೋಕೆ ಬೇರೆ ದಾರಿ ಇರಬೇಕು. ಜಯನಗರದಲ್ಲಿ ಸ್ವಂತ ಮನೆ ಇರೋ ಹುಡುಗ ಕಾಯಬಲ್ಲ. ಪಿಜಿ ಬಾಡಿಗೆ ಕಟ್ಟಿ, ಊರಿಗೆ ದುಡ್ಡು ಕಳಿಸಿ, ತಂಗಿ ನರ್ಸಿಂಗ್ ಫೀಸು ಕಟ್ಟೋನಿಗೆ ಈ ತಿಂಗಳ ಸಂಬಳ ಈ ತಿಂಗಳೇ ಬೇಕು. 2024ರಲ್ಲಿ ಬೈಜೂಸ್‌ನಂಥ ಹೆಸರಾಂತ ಕಂಪನಿಯಲ್ಲೇ ಸಂಬಳ ತಡ ಆಗಿ, ಆ ವರ್ಷ ಜುಲೈಗೆ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಹೂಡಿಕೆದಾರರದ್ದು ಪೇಪರಲ್ಲಿ ಬಂತು. ಸಂಬಳ ಬಾರದ ಹುಡುಗರ ಮನೆಯಲ್ಲಿ ಆ ತಿಂಗಳು ಏನು ಮಾರಿದ್ರು ಅನ್ನೋದು ಯಾವ ಪೇಪರಲ್ಲೂ ಬರಲಿಲ್ಲ.

ಎರಡು ಆಕ್ಷೇಪಣೆಗೆ ಉತ್ತರ ಹೇಳಿಬಿಡ್ತೀನಿ. ಒಂದು, "ಖಾಸಗಿಯಲ್ಲಿ ಮೀಸಲಾತಿ ಕೇಳಿ, ಇದೆಲ್ಲ ತಾನಾಗಿ ಸರಿಹೋಗ್ತದೆ." ಕೇಳೋಣ, ಕೇಳ್ತಾನೇ ಇದೀವಿ. 2024ರ ಜುಲೈನಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದ ಹುದ್ದೆಯಲ್ಲಿ ಶೇ. 70 ಅಂತ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಉದ್ಯಮದೋರು ಕೂಗಿದ್ರು, ದಿನ ಎರಡು ಕಳೆಯೋದ್ರೊಳಗೆ ತಡೆಹಿಡಿದ್ರು. ಕನ್ನಡಿಗರು ಅಂದಿದ್ದಕ್ಕೇ ಹೀಗೆ, ಇನ್ನು ದಲಿತರು ಅಂದ್ರೆ? (ಆ ಮಸೂದೆ ಬಂದಿದ್ರೂ ತೋಟ ಇರೋ ಕನ್ನಡಿಗರಿಗೆ ಮೊದಲು ಸಿಗ್ತಿತ್ತು ಅನ್ನೋದು ನನ್ನ ಗುಮಾನಿ, ಇರಲಿ.) ಮೀಸಲಾತಿ ಬರೋವರೆಗೆ ಈಗಾಗಲೇ ಒಳಗಿರೋ ಮಕ್ಕಳನ್ನ ಕಾಯೋದು ಯಾರು? ಎರಡು, "ಕೆಲಸ ಕೇಳಬೇಡಿ, ನೀವೇ ಕಂಪನಿ ಕಟ್ಟಿ." ಎಲಿವೇಟ್ ಉನ್ನತಿ ಅಂತ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ ರಾಜ್ಯದ ಯೋಜನೆ ಇದೆ, ಒಳ್ಳೇದೇ, ಆಸಕ್ತಿ ಇರೋರು ಅರ್ಜಿ ಹಾಕಿ. ಒಬ್ಬ ಮಾಲೀಕ ಆದ್ರೆ ನೂರು ಜನ ಕೆಲಸಗಾರರೇ ಇರ್ತಾರೆ. ನಾನು ಮಾತಾಡ್ತಿರೋದು ಆ ನೂರು ಜನರ ಬಗ್ಗೆ.

ಎಷ್ಟೋ ಮಕ್ಕಳಿಗೆ ಗೊತ್ತಿಲ್ಲದ ಒಂದು ವಿಷಯ. ವಿನಾಯಿತಿ ಕೊಟ್ಟಿದ್ದು ಸ್ಟ್ಯಾಂಡಿಂಗ್ ಆರ್ಡರ್ಸ್ ಕಾನೂನಿಂದ ಮಾತ್ರ. ಎಲ್ಲಾ ಕಾನೂನಿಂದ ಅಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ಸ್ಟಾರ್ಟಪ್‌ಗೂ ಅನ್ವಯಿಸ್ತದೆ. ನೇಮಕಾತಿ ಪತ್ರ ಕೊಡಲೇಬೇಕು. ದಿನಕ್ಕೆ 9 ಗಂಟೆ, ವಾರಕ್ಕೆ 48. ಅದರ ಮೇಲೆ ದುಡಿಸಿದ್ರೆ ಎರಡರಷ್ಟು ದರ. ಆರು ತಿಂಗಳು ಸತತ ಕೆಲಸ ಮಾಡಿದೋರನ್ನ ಸಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯೋ ಹಾಗಿಲ್ಲ. ಮ್ಯಾನೇಜರ್ ಮಟ್ಟದೋರಿಗೆ ಇದು ಸಿಗಲ್ಲ, ಅದಕ್ಕೇ ಕೆಲವು ಕಡೆ ಇಪ್ಪತ್ಮೂರು ವರ್ಷದ ಹುಡುಗನಿಗೂ ದೊಡ್ಡ ದೊಡ್ಡ ಪದನಾಮ ಕೊಡ್ತಾರೋ ಏನೋ. ಹೆಸರು ಏನೇ ಇರಲಿ, ಮಾಡೋ ಕೆಲಸ ಏನು ಅಂತ ನೋಡಬೇಕು. ರಾಜೀನಾಮೆ ಬರೆದುಕೊಡು ಅಂತ ಕೂರಿಸಿಕೊಂಡು ಒತ್ತಾಯ ಮಾಡಿದ್ರೆ ಅಲ್ಲೇ ಬರೆಯಬೇಡಿ. ಆಫೀಸ್ ಮೇಲ್ ಬಂದ್ ಮಾಡೋ ಮೊದಲು ಆಫರ್ ಲೆಟರ್, ಪೇಸ್ಲಿಪ್, ರಿವ್ಯೂ ಪತ್ರ ಎಲ್ಲದರ ಪ್ರತಿ ಸ್ವಂತ ಹತ್ರ ಇರಲಿ. ಪಿಎಫ್ ಖಾತೆಯಲ್ಲಿ ದುಡ್ಡು ನಿಜವಾಗಿ ಬೀಳ್ತಿದೆಯಾ ಅಂತ ಮೂರು ತಿಂಗಳಿಗೊಮ್ಮೆ ನೋಡಿ.

ಸಂಘಟನೆಗೆ ನನ್ನ ಒತ್ತಾಯ ಇಷ್ಟು. ವಿನಾಯಿತಿಯನ್ನ 2024ರಲ್ಲಿ ಕೊಟ್ಟಿದ್ದು 2029ರವರೆಗೆ. ಅಷ್ಟರವರೆಗೆ ಕಾಯದೆ ಈಗಲೇ ರದ್ದಾಗಲಿ ಅಂತ ಕಾರ್ಮಿಕ ಸಚಿವರಿಗೆ ಮೂರೂ ತಾಲ್ಲೂಕಿನಿಂದ ಮನವಿ ಹೋಗಲಿ. ಅಲ್ಲಿವರೆಗೆ, ಷರತ್ತಿನ ಪ್ರಕಾರ ಇರಬೇಕಾದ ಕುಂದುಕೊರತೆ ಸಮಿತಿ ಎಷ್ಟು ಕಂಪನಿಯಲ್ಲಿದೆ, ಎಷ್ಟು ವಜಾಗಳನ್ನ ಇಲಾಖೆಗೆ ತಿಳಿಸಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅರ್ಜಿ ಕರಡು ನಾನು ಬರೆದಿಟ್ಟಿದೀನಿ. ಆ ಸಮಿತಿಯ ಕೆಲಸದಲ್ಲಿ ಜಾತಿ ತಾರತಮ್ಯದ ದೂರೂ ಸೇರಬೇಕು, ಸಮಿತಿಯಲ್ಲಿ ನಮ್ಮೋರೊಬ್ಬರು ಇರಬೇಕು. ಕೆಐಟಿಯು ಜೊತೆ ಕೂತು ಮಾತಾಡಬೇಕು. ಅವರ ಬೇಡಿಕೆಗಳಲ್ಲಿ ಜಾತಿಯ ಮಾತು ಇನ್ನೂ ಗಟ್ಟಿಯಾಗಿ ಬರಲಿ ಅಂತ ನಾವು ಹೇಳೋಣ, ನಮ್ಮ ಬೇಡಿಕೆಗಳಲ್ಲಿ ಕೂಲಿಯ ಹೊತ್ತಿನ ಮಾತು ಬರಲಿ ಅಂತ ಅವರು ಹೇಳಲಿ. ಒಳಮೀಸಲಾತಿಯ ಬಿಸಿಯಲ್ಲಿ ಎಡ, ಬಲ ಅಂತ ಮುಖ ತಿರುಗಿಸಿಕೊಂಡಿರೋ ಹುಡುಗರೂ ಈ ಒಂದು ವಿಷಯಕ್ಕೆ ಒಟ್ಟಿಗೆ ಕೂರಬಹುದು. ಎಷ್ಟು ಎಕರೆ ಅಂತ ಕೇಳೋನಿಗೆ ಇಬ್ಬರೂ ಒಂದೇ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತಿಪಟೂರಿನಲ್ಲಿ ಕೂರ್ತೀವಿ. ಜಾಗ ಕಾಮೆಂಟ್‌ನಲ್ಲಿ ಹಾಕ್ತೀನಿ. ಬೆಂಗಳೂರಿಂದ ಬರೋರು ಯಶವಂತಪುರದಲ್ಲಿ ಬೆಳಗಿನ ರೈಲು ಹಿಡಿದ್ರೆ ಸಾಕು. ಫೈನಲ್ ಇಯರ್ ಓದ್ತಿರೋ ಹಾಸ್ಟೆಲ್ ಮಕ್ಕಳನ್ನೂ ಕರ್ಕೊಂಡು ಬನ್ನಿ. ಕೆಲಸದಲ್ಲಿರೋರು ನಿಮ್ಮ ಆಫರ್ ಲೆಟರ್ ಝೆರಾಕ್ಸ್ ತನ್ನಿ, ಕಂಪನಿ ಹೆಸರು, ಸಂಬಳದ ಮೇಲೆ ಬೇಕಿದ್ರೆ ಪೆನ್ನಲ್ಲಿ ಗೀಚಿಬಿಡಿ. ಕಾರ್ಮಿಕ ಕೇಸು ನಡೆಸೋ ವಕೀಲರೊಬ್ಬರು ಬರೋಕೆ ಒಪ್ಪಿದ್ದಾರೆ. ಒಂದೊಂದು ಷರತ್ತನ್ನ ಕನ್ನಡದಲ್ಲಿ ಓದಿ, ಯಾವುದು ಕಾನೂನು, ಯಾವುದು ಬರೀ ಬಾಯಿಮಾತು ಅಂತ ಬಿಡಿಸಿ ನೋಡೋಣ. ಊಟದ ವ್ಯವಸ್ಥೆ ಇದೆ, ಮುದ್ದೆ ಬಾಡು, ತಿನ್ನದೋರಿಗೆ ಸೊಪ್ಪಿನ ಸಾರು. ಬರೋರು ಶುಕ್ರವಾರದೊಳಗೆ ಮೆಸೇಜ್ ಮಾಡಿ, ಅಕ್ಕಿ ರಾಗಿ ಲೆಕ್ಕಕ್ಕೆ.

ಜೈಭೀಮ್.